ಹೆಂಗಸರಿಗೆ ಎರಡು ಜಾಗ

ನಡೆದದ್ದು ಇಷ್ಟೆ. ಪಂಚಾಯಿತಿಗೆ ಒಂದು ಹೆಬ್ಬೆಟ್ಟು ಬೇಕಾಗಿತ್ತು. ಅದು ಹೆಂಗಸಿನದೇ ಆಗಿರಬೇಕು ಎಂದು ಸರ್ಕಾರ ಹೇಳಿತ್ತು. ಊರಿನ ದೊಡ್ಡವರು ಹುಡುಕಿ ಹುಡುಕಿ ನನ್ನ ಹೆಬ್ಬೆಟ್ಟು ಆರಿಸಿಕೊಂಡರು. ಅದರ ಹಿಂದೆ ನಾನೂ ಬಂದುಬಿಟ್ಟೆ, ಅದೊಂದು ಅವರಿಗೆ ತೊಂದರೆಯಾಯಿತು. ಈಗ ಮೊಮ್ಮಗಳು ಕಾಲೇಜಿನ ಗೆಳತಿಯರನ್ನು ಕರೆತಂದು "ನಮ್ಮಜ್ಜಿ ಆ ಕಾಲದಲ್ಲೇ ರಾಜಕೀಯದಲ್ಲಿದ್ದರು" ಎನ್ನುತ್ತಾಳೆ. ರಾಜಕೀಯವೂ ಇಲ್ಲ, ಮಣ್ಣೂ ಇಲ್ಲ. ಬಯಲಿಗೆ ಹೋಗಲು ಒಂದು ಮರೆ ಬೇಕಾಗಿತ್ತು, ಅದಕ್ಕೆ ಚುನಾವಣೆಗೆ ನಿಂತೆ.

ನಾನು ಹುಟ್ಟಿ ಬೆಳೆದದ್ದು ಊರಿಗಾಂನ ಲೈನ್ ಮನೆಗಳಲ್ಲಿ. ಅಪ್ಪ ಚಿನ್ನದ ಗಣಿಯೊಳಕ್ಕೆ ಇಳಿಯುತ್ತಿದ್ದ. ಮನೆ ಎಂದರೆ ಒಂದು ಕೋಣೆ, ತಟ್ಟಿ ಗೋಡೆ, ತಗಡಿನ ಸೂರು. ಆ ಕಡೆ ತಮಿಳಿನವರು, ಈ ಕಡೆ ತೆಲುಗಿನವರು, ಮಧ್ಯದಲ್ಲಿ ನಾವು. ಆದರೆ ಲೈನಿನ ಕೊನೆಯಲ್ಲಿ ಸಾಲಾಗಿ ಕಕ್ಕೂಸುಗಳಿದ್ದವು, ಹೆಂಗಸರದು ಬೇರೆ, ಗಂಡಸರದು ಬೇರೆ. ನಾತಕ್ಕೆ ತಲೆ ತಿರುಗುತ್ತಿತ್ತು. ಆದರೂ ಬಾಗಿಲಿತ್ತು. ಬಾಗಿಲು ಎಂದರೆ ಏನು ಎಂದು ತಿಳಿದದ್ದು ಬಂಗಾರಪೇಟೆ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ.

ಲೈನಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದೆ. ಅದನ್ನು ಹೊರಗೆ ಆಡಬಾರದೆಂದು ಮದುವೆಯಾದ ವಾರವೇ ಅತ್ತೆ ಅಪ್ಪಣೆ ಮಾಡಿದ್ದರು. "ಓದು ಬತ್ತದೆ ಅಂತ ಯಾರ್ಗೂ ಯೋಳ್ಬೇಡ ಕಣಮ್ಮಿ. ಯಾರ್ಗೋ ಕಾಗ್ದ ಬರೀತಾಳೆ ಅಂತಾರೆ." ಯಾರಿಗೆ ಬರೆಯುತ್ತೇನೆ? ಗಂಡ ಊರಿಗಾಂನಲ್ಲೇ ಗಣಿ ಕೆಲಸಕ್ಕಿದ್ದ, ಶನಿವಾರದ ರೈಲಿಗೆ ಬಂದು ಭಾನುವಾರದ ರೈಲಿಗೆ ಹೋಗುತ್ತಿದ್ದ. ಕಾಗದ ತಲುಪುವುದರೊಳಗೆ ಅವನೇ ಬಂದಿರುತ್ತಿದ್ದ. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಎಂಟು ವರ್ಷ ಮುಚ್ಚಿಕೊಂಡಿದ್ದಕ್ಕೆ ಊರಲ್ಲಿ ಒಳ್ಳೆಯ ಸೊಸೆ ಎಂದು ಹೆಸರೂ ಬಂತು.

ನಮ್ಮೂರ ಹೆಂಗಸರು ಬಯಲಿಗೆ ಹೋಗುತ್ತಿದ್ದದ್ದು ಕೆರೆ ಏರಿಯ ಹಿಂದಿನ ಹೊಂಗೆ ತೋಪಿಗೆ. ಗಂಡಸರು ಆ ಕಡೆ ಸುಳಿಯುತ್ತಿರಲಿಲ್ಲ. ಅದೊಂದು ವಿಷಯದಲ್ಲಿ ಅವರಿಗೆ ಮರ್ಯಾದೆಯಿತ್ತು. ಆಮೇಲೆ ಊರ ಗೌಡರಾದ ದೊಡ್ಡಮನೆಯವರ ಭಾವಮೈದ ತೋಪಿನ ಪಕ್ಕಕ್ಕೇ ಇಟ್ಟಿಗೆ ಗೂಡು ತಂದ. ಬಂಗಾರಪೇಟೆಯಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಕೆರೆಯ ಮಣ್ಣು ಇಟ್ಟಿಗೆಗೆ ಚೆನ್ನಾಗಿತ್ತು. ಕೋಳಿ ಕೂಗುವುದರೊಳಗೆ ಮಣ್ಣು ತುಳಿಯುವ ಆಳುಗಳು ಬಂದು ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು. ನಾವು ಹೋದರೆ ಕೆಮ್ಮುತ್ತಿದ್ದರು. ಕೆಮ್ಮಿದರೆ ಸಭ್ಯರು ಎಂದು ಯಾರೋ ಹೇಳಿಕೊಟ್ಟಿರಬೇಕು. ಪಕ್ಕದ ಮನೆಯವಳು ಎರಡು ತಿಂಗಳ ಬಸುರಿ, ನನ್ನ ವಾರಗೆಯವಳು. ಬೆಳಗಿನಿಂದ ಕತ್ತಲಾಗುವವರೆಗೆ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದಳು. ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ತಳವಾರ ತಮಟೆ ಬಡಿದುಕೊಂಡು ಬಂದ.

"ಕೇಳ್ರಪ್ಪೋ! ಪಂಚಾಯ್ತಿ ಎಲೆಕ್ಸನ್ನು! ಸರ್ಕಾರ್ದೋರು ಎಂಗುಸ್ರಿಗೇ ಅಂತ ಎಲ್ಡು ಜಾಗ ಮಡಗವ್ರೆ! ನಾಳೀಕೆ ಚಾವ್ಡಿ ತಾವ ಬರ್ಬೇಕಪ್ಪೋ!"

ಪಕ್ಕದ ಮನೆಯವಳು ರಾಗಿ ಬೀಸುವುದನ್ನು ಬಿಟ್ಟು ಎದ್ದು ಬಂದಳು. "ಕೇಳಿದ್ಯೇನಕ್ಕ? ಎಲ್ಡು ಜಾಗ ಅಂತೆ! ಒಂದು ಈ ಕಡೀಕೆ, ಒಂದು ಆ ಕಡೀಕೆ ಕೊಟ್ರೆ ಸಾಕಪ್ಪ."

ನಮಗೆ ಗೊತ್ತಿದ್ದ ಜಾಗ ಒಂದೇ, ನಮಗೆ ಇಲ್ಲದ ಜಾಗವೂ ಅದೊಂದೇ. ಸರ್ಕಾರಕ್ಕೆ ಯಾರು ಹೇಳಿದರೋ ಎಂದು ಆಶ್ಚರ್ಯಪಟ್ಟೆವು. ಮರುದಿನ ಮೂವತ್ತು ಹೆಂಗಸರು ಚಾವಡಿ ಮುಂದೆ ಸೇರಿದೆವು. ಅಷ್ಟು ಹೆಂಗಸರನ್ನು ಒಟ್ಟಿಗೆ ಕಂಡು ಅಲ್ಲಿದ್ದ ಗಂಡಸರಿಗೆ ಊರಲ್ಲಿ ಯಾವುದೋ ಸಾವಾಗಿದೆಯೇನೋ ಎನ್ನಿಸಿತು. ತಾಲ್ಲೂಕಿನಿಂದ ಬಂದಿದ್ದ ಗುಮಾಸ್ತನಿಗೆ ಮಾತ್ರ ಖುಷಿಯಾಯಿತು. "ನೋಡಿ, ಈ ಊರಲ್ಲಿ ಎಷ್ಟು ಜಾಗೃತಿ!" ಎಂದ.

ನಮ್ಮತ್ತೆ ಮುಂದೆ ಹೋಗಿ ಕೇಳಿಯೇಬಿಟ್ಟರು. "ಸಾಮಿ, ಜಾಗ ಯಾವ ಕಡೀಕೆ ಕೊಡ್ತೀರಾ? ಎಲ್ಲಿ ಕೊಟ್ರೂ ಸರಿ, ಸುತ್ತ ಬೇಲಿ ಆಕ್ಸಿ. ನೀರು ಅತ್ರ ಇದ್ರೆ ಒಳ್ಳೇದು."

"ಬೇಲಿ ಯಾಕಮ್ಮ?"

"ಇನ್ನೇನು, ಬೇಲಿ ಇಲ್ದೆ ಎಂಗೆ ಕೂತ್ಕಳಾದು?"

ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. "ಕುರ್ಚಿ ಇರುತ್ತಮ್ಮ, ಕುರ್ಚಿ ಮೇಲೆ ಕೂತ್ಕೋತೀರಿ. ಗಂಡಸರ ಜೊತೆಯಲ್ಲೇ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಬಂದರು. ಚಾವಡಿಯ ಕಲ್ಲಿನ ಮೇಲೆ ಕೂತಿದ್ದ ದೊಡ್ಡಮನೆಯವರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಅವರು ನಕ್ಕದ್ದು ಕೆರೆ ಏರಿಯವರೆಗೆ ಕೇಳಿಸಿರಬೇಕು. "ಏ, ಅದಲ್ಲ ಕಣಮ್ಮೋ! ಪಂಚಾಯ್ತೀಲಿ ಮೆಂಬ್ರು! ಇಬ್ರು ಎಂಗುಸ್ರು ಮೆಂಬ್ರಾಗ್ಬೇಕು, ಅದುಕ್ಕೆ ಜಾಗ!"

ಹಾಗಾದರೆ ನಮಗೇನೂ ಇಲ್ಲ ಎಂದುಕೊಂಡು ಹೆಂಗಸರು ಮನೆ ಕಡೆ ತಿರುಗಿದರು. ಗುಮಾಸ್ತನ ಜಾಗೃತಿ ಅಲ್ಲಿಗೆ ಮುಗಿಯಿತು.

ಇಬ್ಬರನ್ನು ಆರಿಸುವ ಕೆಲಸ ದೊಡ್ಡಮನೆಯವರ ಜಗಲಿ ಮೇಲೆ ನಡೆಯಿತು. ಮೊದಲನೆಯ ಜಾಗ ಅವರ ತಾಯಿಗೆ. ಆ ಮುದುಕಮ್ಮನಿಗೆ ಎಂಬತ್ತು ದಾಟಿತ್ತು, ಕಿವಿ ಮಂದ, ಕೋಲಿಲ್ಲದೆ ನಡೆಯಲು ಆಗದು. ಮೆಂಬರಾಗಲು ಬೇಕಾದ ಎಲ್ಲ ಅರ್ಹತೆಯೂ ಇತ್ತು. ಎರಡನೆಯ ಜಾಗಕ್ಕೆ ಯಾರು ಎಂದಾಗ, ಗಂಡ ಊರಲ್ಲಿರದ, ಯಾವ ಪಾರ್ಟಿಗೂ ಸೇರದ, ಬಾಯಿಲ್ಲದ ಹೆಂಗಸು ಬೇಕು ಎಂದರಂತೆ. ನಮ್ಮ ಮನೆಗೆ ಬಂದರು. ಗುಮಾಸ್ತ ಕಾಗದ ಬಿಡಿಸಿ "ಇವರ ಹೆಸರು?" ಎಂದ. ದೊಡ್ಡಮನೆಯವರು ನನ್ನ ಮುಖ ನೋಡಿದರು. ಎಂಟು ವರ್ಷ ಅವರ ಮನೆ ಮುಂದೆಯೇ ನೀರು ಹೊತ್ತಿದ್ದೆ. "ಅದೇ, ಗಣಿ ಕೆಲ್ಸದೋನ ಎಡ್ತಿ ಅಂತ ಬರ್ಕಳ್ರೀ" ಎಂದರು. ಹಾಗೆ ಬರೆಯುವಂತಿಲ್ಲ ಎಂದು ಗುಮಾಸ್ತ ಹೇಳಿದ ಮೇಲೆ ಅತ್ತೆಯೇ ನನ್ನ ಹೆಸರು ಹೇಳಿದರು.

ನಾನು ಬೇಡವೆನ್ನುವವಳಿದ್ದೆ. ಆದರೆ ಹಿಂದಿನ ದಿನ ಪಕ್ಕದ ಮನೆಯವಳು ಬಂದು ಕೂತಿದ್ದಳು. "ಕೇಳ್ದೇನೇ ಕೊಡ್ತಾವ್ರೆ ಅಂದ್ಕಂಡ್ವಿ. ಕೊಡ್ದಿದ್ರೆ ಕೇಳ್ಬೇಕು. ಒಳೀಕೆ ಓದ್ರೆ ತಾನೆ ಕೇಳಾದು? ನೀನು ಲೈನ್ನಾಗೆ ಬೆಳ್ದೋಳು, ಓಗಕ್ಕ" ಎಂದಿದ್ದಳು. ಹೊಂಗೆ ತೋಪು ಉಳಿಸಿಕೊಂಡರೆ ಸಾಕು ಎಂದು ತಲೆಯಾಡಿಸಿದೆ. ಎದುರಿಗೆ ಯಾರೂ ನಿಲ್ಲಲಿಲ್ಲ. ಓಟಿಲ್ಲದೆ ಗೆದ್ದೆ. ಬಾಯಿಲ್ಲದವಳಿಗೆ ಓಟು ಯಾತಕ್ಕೆ.

ಗಂಡ ಮುಂದಿನ ಶನಿವಾರ ಸಿಟ್ಟು ಮಾಡಿಕೊಂಡೇ ಬಂದ. ಗಣಿಯಲ್ಲಿ ಜೊತೆಯ ತಮಿಳು ಕೆಲಸಗಾರರು "ಎನ್ನಯ್ಯಾ, ಮೆಂಬರಮ್ಮಾ ಸೌಖ್ಯಮಾ?" ಎಂದು ರೇಗಿಸುತ್ತಿದ್ದರಂತೆ. ಆದರೂ ರಾಬರ್ಟ್‌ಸನ್‌ಪೇಟೆಯಿಂದ ಒಂದು ಜೊತೆ ಚಪ್ಪಲಿ ತಂದಿದ್ದ. "ಮೀಟಿಂಗ್ಗೆ ಬರೀ ಕಾಲಾಗೆ ಓಗ್ಬೇಡ" ಎಂದ. ಮೀಟಿಂಗಿಗೆ ಕರೆದರೆ ತಾನೆ ಚಪ್ಪಲಿ. ಮೀಟಿಂಗೇ ನಮ್ಮ ಮನೆಗೆ ಬರುತ್ತಿತ್ತು. ತಿಂಗಳಿಗೊಮ್ಮೆ ಪಂಚಾಯಿತಿ ಸೆಕ್ರೆಟರಿ ಕಂಕುಳಲ್ಲಿ ದೊಡ್ಡ ಪುಸ್ತಕ, ಕೈಯಲ್ಲಿ ಮಸಿಯ ಡಬ್ಬಿ ಹಿಡಿದು ಬಂದು, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, "ಎಲ್ಲಿ, ಎಬ್ಬೆಟ್ಟು ಕೊಡಮ್ಮ" ಎನ್ನುತ್ತಿದ್ದ. ಬರೆದದ್ದರ ಮೇಲೆ ಒಂದು ಮಸಿ ಹೀರುವ ಕಾಗದ ಮುಚ್ಚಿ, ಹೆಬ್ಬೆಟ್ಟಿಗೆ ಎಷ್ಟು ಬೇಕೋ ಅಷ್ಟೇ ತೆರೆದಿಡುತ್ತಿದ್ದ. ಮದುವೆ ಹೆಣ್ಣಿಗೂ ಅಷ್ಟು ಮುಸುಕು ಹಾಕುವುದಿಲ್ಲ. "ಹೊಂಗೆ ತೋಪಿನ ವಿಚಾರ ಬರ್ಕಂಡ್ರಾ?" ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ. "ಅದೂ ಬತ್ತದೆ, ನಿಧಾನುಕ್ಕೆ" ಎನ್ನುತ್ತಿದ್ದ.

ಬಂತು. ನಾಲ್ಕನೆಯ ತಿಂಗಳು ಅತ್ತೆ ಮಜ್ಜಿಗೆಯನ್ನು ತುಂಬಿದ ಚೊಂಬಿನಲ್ಲೇ ಕೊಟ್ಟರು. ಅವನು ಎರಡೂ ಕೈಯಲ್ಲಿ ಎತ್ತಿ ಕುಡಿಯುವಾಗ ಮುಚ್ಚಿದ್ದ ಕಾಗದ ಜಾರಿತು. ನನ್ನ ಕಣ್ಣಿಗೆ ಬಿದ್ದ ಮೊದಲ ಮಾತೇ 'ಹೊಂಗೆ'. ಎಂಟು ವರ್ಷದ ಮೇಲೆ ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದೆ. "ಕೆರೆ ಏರಿ ಹಿಂದಿನ ಹೊಂಗೆ ತೋಪು... ಯಾರ ಉಪಯೋಗಕ್ಕೂ ಇಲ್ಲದೆ... ಪಾಳು ಬಿದ್ದಿರುವುದರಿಂದ... ಇಟ್ಟಿಗೆ ಗೂಡಿಗೆ ಕೊಡಲು... ಸರ್ವಾನುಮತದಿಂದ..."

ಸೆಕ್ರೆಟರಿಗೆ ಮಜ್ಜಿಗೆ ನೆತ್ತಿಗೇರಿತು. ಕೆಮ್ಮುತ್ತಲೇ "ಓದ್ತೀಯಾ?" ಎಂದ.

"ಮೂರ್ನೇ ಕ್ಲಾಸು."

"ಅಯ್ಯೋ, ಮನೆ ಮರ್ವಾದೆ ಕಳದ್ಯಲ್ಲೇ!" ಎಂದು ಅತ್ತೆ ತಲೆ ಚಚ್ಚಿಕೊಂಡರು. ಆಮೇಲೆ ನಿಧಾನವಾಗಿ, "ತೋಪು ಕೊಟ್ಬುಡ್ತಾರಂತಾ?" ಎಂದು ಕೇಳಿದರು. ಅವರೂ ಅಲ್ಲಿಗೇ ಹೋಗುವವರು.

"ಕೊಡಕ್ಕೆ ನಾನೂ ಒಪ್ಪೀನಂತೆ. ಅದುನ್ನೂ ಬರ್ದವ್ರೆ."

ಸೆಕ್ರೆಟರಿಯ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ನು ಕೊಡು ಎಂದೆ. "ನಂಗೆ ಬೇಡ ಅಂತ ಬರೀಬೇಕು."

ಅವನು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಪಾಪ, ಸುಳ್ಳು ಹೇಳಲಿಲ್ಲ. "ನೋಡಮ್ಮ, ಬೇಡ ಅಂತ ಬರಿಯಾಕೆ ಇಲ್ಲಿ ಜಾಗ ಇಲ್ಲ. ಎಬ್ಬೆಟ್ಟಿಗೆ ಅಂತ ಇಷ್ಟೇ ಜಾಗ ಬಿಟ್ಟಿರಾದು."

"ಅಷ್ಟು ಸಾಕು" ಎಂದೆ. ಆ ಜಾಗದಲ್ಲೇ 'ಬೇಡ' ಎಂದು ಬರೆದೆ. ಡಕಾರದ ಬಾಲ ಪಕ್ಕದ ಮೆಂಬರಿನ ರುಜುವಿಗೆ ತಗುಲಿತು. ಕೆಳಗೆ ಹೆಸರನ್ನೂ ಹಾಕಿದೆ. ಹೆಬ್ಬೆಟ್ಟಿಗೆ ಬೇರೆ ಜಾಗ ಉಳಿಯಲಿಲ್ಲ.

ಇದರಿಂದ ಊರೇ ಅಲ್ಲಾಡಿತು ಎಂದು ಮೊಮ್ಮಗಳ ಗೆಳತಿಯರು ತಿಳಿದುಕೊಂಡಿದ್ದಾರೆ. ಒಂದು ಎಲೆಯೂ ಅಲ್ಲಾಡಲಿಲ್ಲ. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಗೂಡಿನ ಆಳುಗಳು ಕೊಡಲಿ ಹಿಡಿದು ತೋಪಿಗೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮರೆಯೆಲ್ಲ ಗೂಡಿನ ಸೌದೆಯಾಗಿ ಬಿದ್ದಿತ್ತು. ಚಾವಡಿಗೆ ಓಡಿದೆ. ಸೆಕ್ರೆಟರಿ ಪುಸ್ತಕ ತೆಗೆದು ತೋರಿಸಿದ. ನಾನು ಬರೆದ ಹಾಳೆಯೇ ಇಲ್ಲ. ಹೊಸ ಹಾಳೆಯಲ್ಲಿ ಎಲ್ಲ ಗಂಡಸರ ರುಜು, ದೊಡ್ಡಮನೆ ಅವ್ವನ ಹೆಬ್ಬೆಟ್ಟು, ನನ್ನ ಹೆಸರಿನ ಮುಂದೆ 'ಗೈರುಹಾಜರು'. ಒಂದೇ ಒಂದು ಮೀಟಿಂಗಿಗೂ ಕರೆಯದೆ ಗೈರುಹಾಜರು ಮಾಡುವುದಕ್ಕೆ ಬುದ್ಧಿ ಬೇಕು. ಅದು ಅವರಿಗಿತ್ತು.

ಅಲ್ಲಿಂದ ನೇರವಾಗಿ ದೊಡ್ಡಮನೆಗೆ ಹೋದೆ. ದೊಡ್ಡಮನೆಯವರು ಆಗ ಚೇರ್ಮನ್ನರು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು, ಪಕ್ಕದಲ್ಲಿ ಮಂಚದ ಮೇಲೆ ಅವರ ತಾಯಿ.

"ನಾವು ಎಲ್ಲಿಗೋಗಾದು ಗೌಡ್ರೇ?" ಎಂದೆ.

"ಊರು ಸುತ್ತ ಒಲ ಇಲ್ವೇನಮ್ಮ? ಊರಂದ್ರೆ ಅಭಿವೃದ್ಧಿ ಆಗ್ಬೇಕು. ಸೊಲ್ಪ ಕಷ್ಟ ಪಡ್ಬೇಕು" ಎಂದು ಅವರು ಉಗುಳಲು ಎದ್ದುಹೋದರು.

ನಾನು ಮುದುಕಮ್ಮನ ಕಿವಿಗೆ ಬಾಗಿ ಕೂಗಿದೆ. "ಅವ್ವಾ, ತೋಪು ಕೊಟ್ಬುಟ್ರಲ್ಲ! ನೀವೂ ಎಬ್ಬೆಟ್ಟು ಒತ್ತೀರಲ್ಲ!"

"ಯಾವ ತೋಪು? ಮಾತ್ರೆಗೆ ಅಂತ ಒತ್ತಿಸ್ಕಂಡ ನನ್ಮಗ" ಎಂದರು ಅವ್ವ. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ತೋಪ್ಗೆ ಓಗಿ ಎಷ್ಟು ವರ್ಸ ಆಯ್ತು ಮಗ. ನಂಗೀಗ ಇತ್ಲಲ್ಲೇ ಕಟ್ಸವ್ನೆ. ಗೂಡಿನ ಮೊದ್ಲ ಇಟ್ಗೇಲಿ. ಗುಂಡಿ ಕಕ್ಕೂಸು. ಬಾಗ್ಲೂ ಅದೆ, ಒಳಗಿಂದ ಚಿಲ್ಕಾನೂ ಅದೆ! ನೋಡ್ಬಾ."

ಕೋಲು ಊರಿಕೊಂಡು ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಕೆಂಪು ಇಟ್ಟಿಗೆ, ಸುಣ್ಣ, ಹೊಸ ಬಾಗಿಲು. ಹಿತ್ತಿಲ ಗೇಟು ಬೀದಿಗೇ ತೆರೆಯುತ್ತಿತ್ತು. ಚಿಲಕವನ್ನು ಎರಡು ಸಲ ಹಾಕಿ ತೆಗೆದು ತೋರಿಸಿದ ಮೇಲೆ ಅವ್ವ ನನ್ನ ಮುಖವನ್ನೇ ನೋಡಿದರು. ಕಿವಿ ಮಂದವಾದರೂ ಬುದ್ಧಿ ಮಂದವಿರಲಿಲ್ಲ. "ನಂಗೆ ಒಬ್ಳಿಗೇ ಇದು. ದಿನುಕ್ಕೆ ಒಂದು ಸತಿ" ಎಂದರು. ಆಮೇಲೆ ಬೀದಿಯ ಗೇಟಿನ ಕಡೆ ಕೋಲು ತೋರಿಸಿದರು.

ಮನೆಗೆ ಬಂದು ಪಕ್ಕದ ಮನೆಯವಳಿಗೆ ಹೇಳಿದೆ. ಅವಳು ಇನ್ನೊಬ್ಬಳಿಗೆ ಹೇಳಿದಳು. ಅತ್ತೆ "ನಾನು ಬರಾಕಿಲ್ಲ, ಮರ್ವಾದಸ್ತೆ" ಎಂದರು.

ಮರುದಿನ ಬೆಳಕು ಹರಿಯುತ್ತಲೇ ಎದ್ದೆ. ರಾಬರ್ಟ್‌ಸನ್‌ಪೇಟೆಯ ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ, ಶಬ್ದವಾಗುತ್ತದೆ. ನಾನು ಮುಂದೆ, ಈಗ ದಿನ ತುಂಬಿದ್ದ ಬಸುರಿ ನನ್ನ ಹಿಂದೆ, ಅವಳ ಹಿಂದೆ ಹತ್ತೊಂಬತ್ತು ಹೆಂಗಸರು, ಎಲ್ಲರಿಗಿಂತ ಕೊನೆಯಲ್ಲಿ ಮರ್ಯಾದಸ್ತೆ ನಮ್ಮತ್ತೆ. ಬೀದಿಯುದ್ದಕ್ಕೂ ಸಾಲಾಗಿ ನಿಂತೆವು. ಹಿತ್ತಿಲ ಗೇಟು ತಟ್ಟಿದೆ.

"ಯಾರು ಇಷ್ಟೊತ್ನಲ್ಲಿ?" ಒಳಗಿನಿಂದ ಚೇರ್ಮನ್ನರ ದನಿ.

"ಮೆಂಬ್ರು" ಎಂದೆ.

ಗೇಟಿನ ಅಗುಳಿ ತೆಗೆದದ್ದು ಆಗಲೇ ಎದ್ದು ಕಾದು ನಿಂತಿದ್ದ ಅವ್ವ. ಬಸುರಿಯನ್ನು ಮೊದಲು ಕಕ್ಕೂಸಿನೊಳಕ್ಕೆ ಕಳಿಸಿ, ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.