ಯಂತ್ರದೊಳಗೆ ಹೋದ ಡ್ರ್ಯಾಗನ್

ನಿವೃತ್ತಿಯ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಲು ಹೋದ ದಿನ ಅವಳನ್ನು ಮೊದಲು ಕಂಡೆ. ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಬೀದಿಯವರಿಗೆಲ್ಲ ಅವಳು ಲ್ಯಾಮಿನೇಷನ್ ಅಕ್ಕ. ಕೈಗೆ ಸಿಕ್ಕ ಕಾಗದವನ್ನೆಲ್ಲ ಯಂತ್ರಕ್ಕೆ ಉಣಿಸುವುದು ಅವಳ ಚಾಳಿ. ಔಷಧಿ ಚೀಟಿಯನ್ನೂ ಬಿಟ್ಟವಳಲ್ಲ.

ಅಂದು ಅವಳು ತಮ್ಮನೊಡನೆ ಜಪಾನಿ ಅಕ್ಷರಗಳಿದ್ದ ಬಣ್ಣದ ಕಾರ್ಡುಗಳನ್ನು ಆಡುತ್ತಿದ್ದಳು. ಅವನು ಸರಕು ಹಡಗೊಂದರಲ್ಲಿ ಅಡುಗೆಯವನು. ರಜೆಗೆ ಬಂದಾಗಲೆಲ್ಲ ಒಂದು ಕಟ್ಟು ತರುತ್ತಿದ್ದ. ಆ ಅಕ್ಷರಗಳನ್ನು ಓದಲು ಇಬ್ಬರಿಗೂ ಬಾರದು. ಆದ್ದರಿಂದ ನಿಯಮಗಳನ್ನು ತಾವೇ ಮಾಡಿಕೊಂಡಿದ್ದರು: ಬಾಲವಿದ್ದದ್ದು ರೆಕ್ಕೆಯಿದ್ದದ್ದನ್ನು ಹಿಡಿಯಬಹುದು, ಬೆಂಕಿ ಉಗುಳುವುದು ಎರಡನ್ನೂ. ಒಮ್ಮೆ ಚಹಾ ಚೆಲ್ಲಿ ಒಂದು ಕಾರ್ಡು ಹಾಳಾದ ಮೇಲೆ ಅಕ್ಕ ಉಳಿದವನ್ನೆಲ್ಲ ಲ್ಯಾಮಿನೇಟ್ ಮಾಡಿಬಿಟ್ಟಿದ್ದಳು.

ಮರುವರ್ಷ, ಅವಳ ತಮ್ಮ ಹಡಗಿನಲ್ಲಿದ್ದಾಗ, ಇಂಥ ಕಾರ್ಡುಗಳ ವ್ಯಾಪಾರಿಯೊಬ್ಬ ಗುರುತಿನ ಚೀಟಿಗೆ ಹೊದಿಕೆ ಹಾಕಿಸಲು ಬಂದ. ಆ ಹೊತ್ತಿಗೆ ದಿನವೂ ಅಲ್ಲಿಗೆ ಹೋಗುವ ರೂಢಿಯಾಗಿದ್ದ ನಾನು ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಮೇಜಿನ ಮೇಲಿನ ಕಾರ್ಡುಗಳನ್ನು ಕಂಡು ಅವನು ತಲೆಯ ಮೇಲೆ ಕೈಹೊತ್ತ.

“ಏನಮ್ಮ ಇದು, ಎಲ್ಲಾ ಕೊಂದ್ಹಾಕಿದೀರಲ್ಲ. ಜಪಾನಿ ಮೊದಲ ಮುದ್ರಣ ಇವು. ಪ್ಲಾಸ್ಟಿಕ್ ಅಂಟಿಸಿದ ಮೇಲೆ ಸಂಗ್ರಹ ಮಾಡೋರು ಯಾರೂ ಮುಟ್ಟಲ್ಲ.”

“ನಾವು ಮುಟ್ತೀವಲ್ಲ, ಸಾಕು ಬಿಡಿ.”

ಅಷ್ಟರಲ್ಲಿ ಅವನ ಕಣ್ಣು ಗೋಡೆಗೆ ಒರಗಿಸಿದ್ದ ಡ್ರ್ಯಾಗನ್ ಕಾರ್ಡಿನ ಮೇಲೆ ಬಿತ್ತು. ಅದಕ್ಕಿನ್ನೂ ಹೊದಿಕೆ ಬಿದ್ದಿರಲಿಲ್ಲ. ಮುಂದಿನ ಸಲ ಇದರಿಂದಲೇ ನಿನ್ನನ್ನು ಸೋಲಿಸುತ್ತೇನೆ ಎಂದು ಪಣ ತೊಟ್ಟು ತಮ್ಮ ಕಳುಹಿಸಿದ್ದ ಕಾರ್ಡದು.

“ಇದೊಂದು ಬದುಕಿದೆ. ಇಂಗ್ಲಿಷ್ ಮುದ್ರಣಕ್ಕಿಂತ ಇದನ್ನೇ ಹುಡುಕ್ತಾರೆ ಈಗ. ಕೊಡಿ, ಬರೋ ದುಡ್ಡಲ್ಲಿ ಈ ಮುದುಕ ಯಂತ್ರ ಬಿಸಾಕಿ ಹೊಸದು ತಗೋಬಹುದು.”

ಯಂತ್ರ ಬೆಳಗಿನಿಂದ ನಾಲ್ಕಾರು ಸಲ ನಿಂತು ಅವಳಿಂದ ಏಟು ತಿಂದಿತ್ತು. ಅವಳು ಕಾರ್ಡನ್ನು ಕೈಗೆತ್ತಿಕೊಂಡಳು.

“ತಮ್ಮ ಕೇಳಿದ್ರೆ ಏನು ಹೇಳಲಿ?”

“ಬೇರೆ ಕೊಡ್ಸಿ. ಆಡೋಕಾದ್ರೆ ನೂರು ಸಿಗ್ತವೆ.”

“ಮಾರೋಕೂ ನೂರು ಸಿಗ್ತವೆ. ನೀವು ಅದರಲ್ಲೊಂದು ತಗೊಳ್ಳಿ.”

“ಯೋಚ್ನೆ ಮಾಡಿ. ನಾಳೆ ಬರ್ತೀನಿ.”

“ನಾಳೆವರೆಗೂ ಯಾಕೆ, ಮಹರಾಯ?” ಎಂದವಳೇ ಡ್ರ್ಯಾಗನ್ನನ್ನು ಹೊದಿಕೆಯೊಳಗಿಟ್ಟು ಯಂತ್ರದ ಬಾಯಿಗೆ ಕೊಟ್ಟಳು. ಅರ್ಧದಲ್ಲಿ ಯಂತ್ರ ನಿಂತಿತು. ಒಂದು ಬಿಗಿದಳು. ಡ್ರ್ಯಾಗನ್ ಬಿಸಿಬಿಸಿಯಾಗಿ ಈಚೆ ಬಂತು.

ವ್ಯಾಪಾರಿ ಹೊರಟ. ಅವಳು ಹಿಂದಿನಿಂದ ಕರೆದಳು: “ನಿಮ್ಮ ಗುರುತಿನ ಚೀಟಿ ಬಿಟ್ಟು ಹೊರಟ್ರಲ್ಲ. ಅದನ್ನೂ ಕೊಂದಿದೀನಿ, ತಗೊಂಡು ಹೋಗಿ.”

ತಮ್ಮ ಈಗ ಹಡಗು ಬಿಟ್ಟು ಬಂದಿದ್ದಾನೆ. ಮಾತಿನಂತೆ ಡ್ರ್ಯಾಗನ್ನಿನಿಂದ ಅಕ್ಕನನ್ನು ಸೋಲಿಸಿಯೂ ಬಿಟ್ಟ. ಮರುದಿನವೇ ಅವಳು ಮೀನು ಡ್ರ್ಯಾಗನ್ನನ್ನು ನುಂಗುತ್ತದೆ ಎಂದು ಹೊಸ ನಿಯಮ ಹೊರಡಿಸಿದಳು. ಸಂಜೆ ನಾನು ಹೋದಾಗ ಆ ಜಗಳ ಇನ್ನೂ ನಡೆದೇ ಇರುತ್ತದೆ. ಮುದುಕ ಯಂತ್ರ ಏಟು ತಿನ್ನುತ್ತಲೇ ಇರುತ್ತದೆ. ನನ್ನ ಚಹಾದ ಲೋಟವನ್ನು ಅವಳು ಇಡುವುದು ಆ ಡ್ರ್ಯಾಗನ್ನಿನ ಮೇಲೆಯೇ.