ಹೊಲಿದಿಟ್ಟ ಹದಿನಾರು ಪುಟ

ಇಲ್ಲ... ಯಾರೋ ತಪ್ಪು ಹೇಳಿರಬೇಕು ಅಂತ ಫೋನ್ ಇಟ್ಟುಬಿಟ್ಟೆ.
ಮತ್ತೆ ನಾನೇ ಹಚ್ಚಿದೆ.
ಹಚ್ಚೊಳ್ಳಿಯ ಮನೆಯಿಂದ ಸುಂಕಮ್ಮನ ತಮ್ಮ ಅದನ್ನೇ ಹೇಳಿದ.
"ಅಕ್ಕ ಹೋದ್ಲು ಅಣ್ಣಾ... ಮುಂಜಾನೆ ಚಾ ಕುಡುದು ಕುಂತಾಕಿ, ಕುಂತಂಗ ಹೋಗ್ಯಾಳ..."

ಸುಂಕಮ್ಮ ಇಲ್ಲ.
ಬರೆದರೂ ನಂಬಿಕೆ ಬರುತ್ತಿಲ್ಲ...

ಸ್ನೇಹಿತರೇ, ನಿಮ್ಮಲ್ಲಿ ಬಹಳ ಜನಕ್ಕೆ ಅವಳು ಗೊತ್ತಿಲ್ಲ.
ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಟೈಲರ್.
'ಸಿರಿ' ಅನ್ನೋ ಹೆಸರಿನಲ್ಲಿ 'ಕಣಗಿಲೆ ಕೋಟೆ' ಕಾದಂಬರಿ ಬರೆದವಳು ಇವಳೇ.
ಯೂನಿಟ್‌ನಲ್ಲಾಗಲಿ ಮನೆಯಲ್ಲಾಗಲಿ ಯಾರಿಗೂ ಹೇಳಿಕೊಂಡಿರಲಿಲ್ಲ.
"ನಿಮಗಷ್ಟ ಗೊತ್ತಿರಲಿ ಅಣ್ಣ" ಅಂದಿದ್ದಳು.
ಇವತ್ತು ಆ ಮಾತು ಮುರಿಯುತ್ತಿದ್ದೇನೆ. ಯಾಕೆ ಅಂತ ಕೊನೆಗೆ ತಿಳಿಯುತ್ತದೆ...

ಭಾನುವಾರ ಬಂದರೆ ಕುರುಗೋಡಿನ ಬಸ್ ಹತ್ತುತ್ತಿದ್ದಳು. ಗುಡ್ಡದ ಬುಡದಲ್ಲಿ ನೋಟ್‌ಬುಕ್ ಹಿಡಿದು ಕೂತುಬಿಡುವುದು.
ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಬಿಸಿಲಿಗೆ ಬೈಯುತ್ತಿದ್ದೆ.
ಅವಳು ಒಂದು ಹಳೇ ಗೋಡೆ ತೋರಿಸಿ, "ಇಲ್ಲೇ ಅಣ್ಣ, ಅಕಿನ್ನ ಇಟ್ಟಿದ್ದು" ಅಂದಳು.
ಮೊನ್ನೆ ನಡೆದದ್ದನ್ನು ಹೇಳುವ ಹಾಗೆ.

'ಅಕಿ' ಅಂದರೆ ಕಾದಂಬರಿಯ ಚನ್ನಾಜಿ. ಪಾಳೆಗಾರನ ದಂಡು ಸೆರೆ ಹಿಡಿದು ತಂದ ಹುಡುಗಿ.
ಕುದುರೆ ಲಾಯದ ಒಬ್ಬ ಆಳು ಅವಳನ್ನು ಪ್ರೀತಿಸುತ್ತಾನೆ. ಅವಳಿಗೂ ಅವನೆಂದರೆ ಜೀವ.
ಆದರೆ ಅವನು ಕೈ ಮುಟ್ಟಿದರೆ ಸಾಕು, ಬೆಚ್ಚಿ ದೂರ ಸರಿಯುತ್ತಾಳೆ...
ಸೆರೆಮನೆಯಲ್ಲಿ ಅವಳ ಮೇಲೆ ಏನು ನಡೆಯಿತು ಎಂಬುದು ಹದಿನಾರು ಪುಟ ಇತ್ತು.
ಅಷ್ಟೂ ನೋವು. ಒಂದು ಮಾತು ಹೆಚ್ಚಿಲ್ಲ.

ಸತ್ಯನಾರಾಯಣಪೇಟೆಯ ನನ್ನ ಬಾಡಿಗೆ ಪುಸ್ತಕದ ಅಂಗಡಿ ನಿಮಗೆಲ್ಲ ಗೊತ್ತೇ ಇದೆ.
ಆ ಪುಸ್ತಕ ಬಂದ ಹೊಸತರಲ್ಲಿ ಒಬ್ಬ ಹಿರಿಯ ಗಿರಾಕಿ ಬಂದು ಕೌಂಟರ್ ಮೇಲೆ ಅದನ್ನು ಕುಕ್ಕಿದರು.
"ಲವ್ ಸ್ಟೋರಿ ಅಂತ ಕೊಟ್ರಿ. ಒಳಗ ನೋಡಿದ್ರ ಹೆಣ್ಮಗಳ್ನ ಹಿಂಸಾ ಮಾಡೋದೈತಿ. ಸೊಸಿ ಕೈಯಾಗ ಹೆಂಗ್ರೀ ಕೊಡ್ಲಿ?"
ನಾನು ಏನು ಮಾಡಿದೆ ಗೊತ್ತೇ...
ಪುಸ್ತಕಗಳಿಗೆ ಬೈಂಡ್ ಹಾಕುವ ದಬ್ಬಣ, ಬಿಳಿ ದಾರ ತೆಗೆದುಕೊಂಡೆ.
ಆ ಹದಿನಾರು ಪುಟಗಳನ್ನು ಸೇರಿಸಿ, ಅಂಚಿಗೆ ಹೊಲಿದುಬಿಟ್ಟೆ.
ಬರೆದವಳನ್ನು ಒಂದು ಮಾತು ಕೇಳಲಿಲ್ಲ.

ಮುಂದಿನ ವಾರ ಅವಳೇ ಬಂದಳು. ನೋಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.
"ಹೊಲಿಗಿ ಚಲೋ ಹಾಕೀರಿ ಅಣ್ಣ" ಅಂದಳು.
ಆಮೇಲೆ... "ಈ ಹಾಳಿ ಮುಚ್ಚಿದ್ರ ಚನ್ನಾಜಿ ಯಾಕ ಬೆಚ್ಚಿ ಬೀಳ್ತಾಳಂತ ಓದೋರಿಗೆ ಹೆಂಗ ತಿಳಿಬೇಕ್ರಿ?"
ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ, "ದುಡುದು ದಣದು ಬಂದ ಹೆಣ್ಮಕ್ಕಳಿಗೆ ಈ ನೋವು ಯಾಕವ್ವಾ? ಸುಖ ಓದಾಕ ಬರ್ತಾರ ಅವರು."

ಸುಂಕಮ್ಮಾ...
ದುಡಿದು ದಣಿದು ಬಂದ ಹೆಣ್ಣುಮಗಳು ನೀನೇ ಆಗಿದ್ದೆ. ನಿನ್ನ ಎದುರಿಗೇ ನಿಂತು ಆ ಮಾತು ಆಡಿದೆನಲ್ಲ...
ನೀನು ಜಗಳ ಮಾಡಲಿಲ್ಲ. ಪುಸ್ತಕ ಬದಲಿಸಲು ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ.
"ಆ ಹಾಳಿ ಯಾರರ ಕೇಳಿದ್ರೇನಣ್ಣ?"
"ಯಾರೂ ಇಲ್ಲವ್ವಾ" ಅನ್ನುತ್ತಿದ್ದೆ ನಾನು.
ಒಂದು ಸಲವೂ ಆ ಪುಸ್ತಕ ಒಳಗೆ ತೆರೆದು ನೋಡದೆ ಹೇಳುತ್ತಿದ್ದೆ ತಾಯಿ. ಸುಮ್ಮನೆ ಬಾಯಿಗೆ ಬಂದ ಉತ್ತರ ಅದು.
ಎರಡನೇ ಕಾದಂಬರಿ ಏನಾಯಿತು ಅಂತ ನಾನು ಕೇಳಿದರೆ, "ನಿಲ್ಲಿಸೀನಿ ಬಿಡ್ರಿ, ಓದೋರು ಯಾರದಾರ" ಅಂದೆ ನೀನು. ನಕ್ಕೆ.
ನಾನೂ ನಕ್ಕೆ...
ಥೂ, ನನ್ನ ಜನ್ಮಕ್ಕಿಷ್ಟು.

ಇವತ್ತು ಸ್ಟೇಟಸ್‌ಗೆ ಫೋಟೋ ಹಾಕೋಣ ಅಂತ ಆ ಪುಸ್ತಕ ತೆಗೆದೆ.
ಹೊಲಿಗೆ ಇತ್ತು. ಆದರೆ ದಾರ ನನ್ನದಲ್ಲ.
ಹಳದಿ ದಪ್ಪ ದಾರ... ಜೀನ್ಸ್ ಪ್ಯಾಂಟಿಗೆ ಹಾಕುವುದು.
ದಾರ ಕತ್ತರಿಸಿದೆ.

ಬಾಡಿಗೆ ಪುಸ್ತಕ ಓದುವವರಿಗೆ ಒಂದು ರೂಢಿ ಉಂಟು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಯಾವುದಾದರೂ ಪುಟದ ಮೂಲೆಯಲ್ಲಿ ತಮ್ಮದೊಂದು ಗುರುತು ಹಾಕುತ್ತಾರೆ.
ಒಬ್ಬರದು ಚುಕ್ಕಿ, ಒಬ್ಬರದು ಹೂವು, ಇನ್ನೊಬ್ಬರದು ಇಂಗ್ಲಿಷಿನ ಪಿ...
ಎಲ್ಲ ಗುರುತೂ ಆ ಮುಚ್ಚಿದ ಪುಟಗಳ ಒಳಗೇ ಇದ್ದವು.
ಮೂಲೆ ತುಂಬಿ, ಅಂಚಿಗೂ ಇಳಿದಿದ್ದವು.

ಅಷ್ಟರಲ್ಲಿ ಬೇರೆ ಯೂನಿಟ್‌ನ ಪರ್ವೀನ್ ಪುಸ್ತಕ ವಾಪಸ್ ಕೊಡಲು ಬಂದಳು. ನನ್ನ ಕೈಯಲ್ಲಿದ್ದದ್ದು ನೋಡಿ ಗಾಬರಿಯಾದಳು.
"ಬೈಬ್ಯಾಡ್ರಿ ಅಣ್ಣ... ನಮ್ ಯೂನಿಟ್‌ನಾಗ ಎಲ್ಲಾರೂ ಬಿಚ್ಚಿ ಓದೀವಿ. ನಿಮಗ ಗೊತ್ತಾಗಬಾರದಂತ ಮತ್ತ ಹೊಲಿದು ಇಡ್ತಿದ್ವಿ. ಆ ಹಾಳಿ ಓದಿ ಒಂದಿನ ಊಟಾನೂ ಸೇರಲಿಲ್ರಿ ನನಗ."
ಆಮೇಲೆ ಅವಳೇ ಕೇಳಿದಳು.
"ಇದನ್ನ ಬರದಾಕಿ ಯಾರ್ರಿ? ಒಮ್ಮೆ ಮಾತಾಡಸ್ಬೇಕಿತ್ತು."

ಹೇಳಿದೆ. ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದೆ.
ಅವಳು ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ನಾಲ್ಕಕ್ಕೆ ಹಚ್ಚೊಳ್ಳಿಯಲ್ಲಿ ಮಣ್ಣು. ಸಿರುಗುಪ್ಪದವರೆಗೆ ಬಸ್, ಅಲ್ಲಿಂದ ಆಟೋ.
ನಾನು ಒಬ್ಬನೇ ಹೋಗುತ್ತಿಲ್ಲ. ಪರ್ವೀನ್ ಅರ್ಧ ದಿನ ರಜೆ ಹಾಕಿ, ಯೂನಿಟ್‌ನ ಆರು ಜನರನ್ನು ಕರೆದುಕೊಂಡು ಬಸ್ ಸ್ಟ್ಯಾಂಡ್‌ಗೆ ಬರುತ್ತಿದ್ದಾಳೆ.
ಪುಸ್ತಕ ನನ್ನ ಚೀಲದಲ್ಲಿದೆ. ಹೊಲಿಗೆ ಬಿಚ್ಚಿದೆ.

ಸುಂಕಮ್ಮಾ, ಕೇಳಿದರವ್ವಾ... ಆ ಹಾಳಿ ಕೇಳಿದರು.
ನಾನು ಹೇಳುವುದು ತಡವಾಯಿತು.
ನಿನ್ನ ಜೀವ ತಣ್ಣಗಿರಲಿ ತಾಯಿ... ಹೋಗಿ ಬಾ. 🙏