ಮಲ್ಲಿಗೆ ಕುಂಡಕ್ಕೆ ಸುಟ್ಟ ಹೊಟ್ಟು

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಿವೃತ್ತರಾದಾಗ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಕೋಟೆ ಹತ್ತಿರ ಮಹಡಿ ಮೇಲಿನ ಬಾಡಿಗೆ ಮನೆಗೆ ಬಂದೆವು. ನನಗೆ ಆಗಷ್ಟೇ ಇಲ್ಲಿ ಕೆಲಸ ಸಿಕ್ಕಿತ್ತು. ಅಮ್ಮ ಹಿತ್ತಲಿನ ದುಂಡು ಮಲ್ಲಿಗೆಯ ಕಡ್ಡಿಗಳನ್ನೂ ಸಿಮೆಂಟು ಚೀಲದಲ್ಲಿ ಅಲ್ಲಿನ ಮಣ್ಣನ್ನೂ ತಂದಿದ್ದರು.

ಹಿತ್ತಲಲ್ಲಿ ಚೆನ್ನಾಗಿದ್ದ ಮಣ್ಣು ಕುಂಡದಲ್ಲಿ ಇಟ್ಟಿಗೆಯಾಯಿತು. ಹಾಕಿದ ನೀರು ಮೇಲೆಯೇ ನಿಲ್ಲುತ್ತಿತ್ತು. ಎಲೆ ಹಳದಿಯಾದ ಒಂದು ಗಿಡವನ್ನು ಕಿತ್ತು ನೋಡಿದರೆ ಬೇರೆಲ್ಲ ಕೊಳೆತಿತ್ತು. ಮಣ್ಣಿಗೆ ಪರ್ಲೈಟ್ ಬೆರೆಸಬೇಕೆಂದು ನಾನೆಲ್ಲೋ ಓದಿದ್ದೆ. ನರ್ಸರಿಯವನನ್ನು ಕೇಳಿದರೆ, "ಆ ಬಿಳಿ ಕಾಳಾ ಮೇಡಂ? ನಮ್ಮಲ್ಲಿ ಬರಲ್ಲ, ಬೆಂಗಳೂರಲ್ಲಿ ಕೇಳಿ" ಅಂದ.

"ಅದನ್ನ ಹಾಕಿದ್ರೆ ಏನಾಗುತ್ತೆ?" ಅಮ್ಮ ಕೇಳಿದರು.

"ಮಣ್ಣು ಸಡಿಲ ಇರುತ್ತೆ. ಬೇರಿಗೆ ಗಾಳಿ ಆಡುತ್ತೆ."

"ಅಷ್ಟಕ್ಕೆ ಬೆಂಗಳೂರು ಯಾಕೆ ಮಾರಾಯ್ತಿ?"

ಅವರು ಮೊದಲು ಬಡಗಿಯಿಂದ ಮರದ ಹೊಟ್ಟು ತಂದು ಬೆರೆಸಿದರು. ಗಿಡ ಇನ್ನಷ್ಟು ಬಿಳಿಚಿತು. ಆಮೇಲೆ ಅಡಿಕೆ ಸಿಪ್ಪೆ ಕತ್ತರಿಸಿ ಹಾಕಿದರು. ಕೆಲವು ತಿಂಗಳು ಪರವಾಗಿರಲಿಲ್ಲ; ಮಳೆಗಾಲದಲ್ಲಿ ಅಣಬೆ ಎದ್ದು, ಸಿಪ್ಪೆ ಕರಗಿ, ಮಣ್ಣು ಅರ್ಧ ಕುಂಡಕ್ಕೆ ಇಳಿಯಿತು.

ಅಪ್ಪ ಇದ್ಯಾವುದಕ್ಕೂ ತಲೆ ಹಾಕುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಅವರಿಗೆ ಮಾತೇ ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋದವರು, ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟಿನ ಚೀಲವೊಂದನ್ನು ಸಿಟಿ ಬಸ್ಸಲ್ಲಿ ಹಾಕಿಕೊಂಡು ಬಂದರು. ತಾರಸಿಯ ಮೇಲೆ ತಗಡು ಹಾಸಿ, ಸಣ್ಣ ಬೆಂಕಿ ಮಾಡಿ, ಅದರ ಮೇಲೆ ಹೊಟ್ಟು ಸುರಿದು ಕೂತರು. ನಾನು ಬೀಸಣಿಗೆ ತಂದೆ.

"ಬೇಡ. ಗಾಳಿ ಜಾಸ್ತಿ ಆದ್ರೆ ಬೂದಿ ಆಗೋಗುತ್ತೆ. ಬೂದಿ ಮಣ್ಣನ್ನ ಗಟ್ಟಿ ಮಾಡುತ್ತೆ. ನಮಗೆ ಬೇಕಾಗಿರೋದು ಕರಿ," ಅಂದರು. ಎಷ್ಟೋ ತಿಂಗಳುಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಹೊಗೆ ನೋಡಿ ಕೆಳಗಿನಿಂದ ಮನೆ ಮಾಲೀಕರು ಮೇಲೆ ಬಂದರು. "ಏನ್ ಸಾರ್ ಇದು? ಒಗೆದ ಬಟ್ಟೆ ಎಲ್ಲಾ ವಾಸನೆ."

"ಆಯ್ತು, ಇನ್ನೊಂದು ಚೂರು," ಎಂದು ಅಪ್ಪ ರಾಶಿಯನ್ನು ಮಗುಚಿದರು. ಒಳಗೆಲ್ಲ ಕಪ್ಪಾದದ್ದನ್ನು ನೋಡಿ, "ರೀ, ನೀರು ಹಾಕಲಾ?" ಎಂದು ಅಮ್ಮ ಕೇಳಿದರು. ಅಪ್ಪ ತಲೆಯಾಡಿಸಿದರು. ಅಮ್ಮ ಕೊಡ ಬಗ್ಗಿಸಿದರು.

ಆರಿದ ಕರಿ ಹೊಟ್ಟು ಹಗುರವಾಗಿತ್ತು, ಕಾಳಿನ ಆಕಾರವೂ ಹಾಗೇ ಉಳಿದಿತ್ತು. ಮಣ್ಣು, ಸಗಣಿ ಗೊಬ್ಬರದ ಜೊತೆ ಬೆರೆಸಿ ಉಳಿದ ಗಿಡಗಳನ್ನು ಮತ್ತೆ ನೆಟ್ಟೆವು. ನೀರು ಹಾಕಿದ ಕೂಡಲೇ ಕುಂಡದ ತಳದಿಂದ ಹನಿಯತೊಡಗಿತು. ಎರಡು ಗಿಡ ಸತ್ತವು. ಮೂರು ಚಿಗುರಿ, ಬೇಸಿಗೆಯಲ್ಲಿ ಹೂ ಬಿಟ್ಟವು.

ಬಾಡಿಗೆ ಮನೆಯ ತಾರಸಿಯಲ್ಲಿ ಮತ್ತೆ ಹೊಗೆ ಹಾಕುವಂತಿರಲಿಲ್ಲ. ಅಪ್ಪ ಭದ್ರಾವತಿಗೆ ಹೋಗಿ, ಜೊತೆಯಲ್ಲಿ ಕೆಲಸ ಮಾಡಿದ ಗೆಳೆಯನ ಹಿತ್ತಲಲ್ಲಿ ಹೊಟ್ಟು ಸುಟ್ಟು ತರತೊಡಗಿದರು. ಬೆಳಿಗ್ಗೆ ಹೋದವರು ಸಂಜೆಗೆ ಬರುತ್ತಿದ್ದರು, ಅಲ್ಲಿನ ಸುದ್ದಿಯನ್ನೆಲ್ಲ ಹೊತ್ತುಕೊಂಡು.